ಬಾಯಿಪಾಠದ ಸಾಕ್ಷಿ

ನನ್ನ ಕೈಗೊಂದು ಕಬ್ಬಿಣದ ರಾಡು ಕೊಟ್ಟು ಕಟಕಟೆಯಲ್ಲಿ ನಿಲ್ಲಿಸಿದರು.

ಕಟಕಟೆ ಎಂದರೆ ಎರಡು ಬೆಂಚುಗಳ ನಡುವಿನ ಸಂದಿ, ಅಷ್ಟೇ. ರಾಡು ಯಾವುದೋ ಹಳೆಯ ಪರದೆಯದು. ಎದುರಿಗೆ ಕೂತಿದ್ದವರು ಕೋರ್ಟಿನ ಅಮೀನರು, ಟೈಪಿಸ್ಟರು, ಗುಮಾಸ್ತೆ ಕೆಲಸಕ್ಕೆ ಪರೀಕ್ಷೆ ಕಟ್ಟಿದ ಹುಡುಗಿಯರು. ದಿನವೂ ಕರಿಕೋಟು ತೊಟ್ಟು ನಿಜವಾದ ನ್ಯಾಯಾಧೀಶರ ಮುಂದೆ ನಿಲ್ಲುವವಳು ನಾನು. ಆದರೂ ಗಾಂಧಿ ಬಜಾರಿನ ಹಿಂದಿನ ಈ ಮಹಡಿ ಕೋಣೆಯ ಆಟದ ಕೋರ್ಟಿನಲ್ಲಿ ನನ್ನ ಅಂಗೈ ಬೆವರಿ ರಾಡು ಜಾರುತ್ತಿತ್ತು.

ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕ ಶ್ರೀಧರ್ ಕೊಲೆ ಕೇಸಿನಲ್ಲಿ ಜೈಲು ಸೇರಿರುವ ನನ್ನ ತಮ್ಮ ಅಮರ್ ವಿರುದ್ಧ ಇರುವ ಒಬ್ಬಳೇ ಕಣ್ಸಾಕ್ಷಿ ಲಾಸ್ಯಾ. ಚಾಮರಾಜಪೇಟೆಯಿಂದ ನಾನು ಬೆನ್ನುಹತ್ತಿ ಬಂದದ್ದು ಅವಳನ್ನೇ. ಮೊದಲ ಬೆಂಚಿನಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾಳೆ ಬೆಳಗ್ಗೆ ಅವಳು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಿತ್ತು. ಒಮ್ಮೆ ಕೊಟ್ಟಳೆಂದರೆ ಮುಗಿಯಿತು, ಆಮೇಲೆ ಮಾತು ಬದಲಿಸಿದರೆ ಅವಳ ಮೇಲೇ ಕೇಸು. ಅಷ್ಟರೊಳಗೆ ಅವಳು ಹೇಳುವುದು ಸುಳ್ಳು ಎನ್ನಲು ನನಗೊಂದು ಎಳೆ ಸಿಗಬೇಕಿತ್ತು. ಸಿಗದಿದ್ದರೆ ಅಮರ್‌ಗೆ ಜೀವಾವಧಿ ಶಿಕ್ಷೆ ತಪ್ಪಿದ್ದಲ್ಲ.

ನನ್ನ ಸೀನಿಯರ್ ಅನಿಲ್ ಕುಮಾರ್ ಬೆಳಗ್ಗೆಯೇ ಗದರಿದ್ದರು. ಆ ಹುಡುಗಿಯ ಹತ್ತಿರ ಸುಳಿದರೆ ಸಾಕ್ಷಿಯನ್ನು ಕೆಡಿಸಲು ಹೋದಳು ಎಂದು ನಿನ್ನನ್ನೇ ಒಳಗೆ ಹಾಕುತ್ತಾರೆ, ಸನ್ನದೂ ಹೋಗುತ್ತದೆ, ತಮ್ಮನಿಗೆ ಬೇಲು ಸಿಗುವ ಆಸೆಯೂ ಹೋಗುತ್ತದೆ ಎಂದಿದ್ದರು. ಹೂಂ ಎಂದು ತಲೆಯಾಡಿಸಿ ಸೀದಾ ಇಲ್ಲಿಗೆ ಬಂದೆ. ನನಗೆ ಬೇಡ ಎಂದದ್ದನ್ನು ಮಾಡದಿದ್ದರೆ ಅನ್ನ ಇಳಿಯುವುದಿಲ್ಲ, ಏನು ಮಾಡಲಿ.

ಕೆಳಗೆ ಮೆಟ್ಟಿಲ ಬುಡದಲ್ಲಿ ಒಂದು ಕುರ್ಚಿ ಹಾಕಿದ್ದರು. ಲಾಸ್ಯಾಳ ಕಾವಲಿಗೆಂದು ಇನ್ಸ್‌ಪೆಕ್ಟರ್ ದೊಡ್ಡಬೈರಪ್ಪ ಕಳಿಸಿದ್ದ ಮಹಿಳಾ ಕಾನ್‌ಸ್ಟೇಬಲ್ ಅದರಲ್ಲಿ ಕೂತಿದ್ದಳು. ಮಾಸ್ಕು ಹಾಕಿಕೊಂಡು, ದುಪಟ್ಟಾ ತಲೆಗೆ ಹೊದ್ದು, ಗಿರಿಜಾ ಎಂದು ಹೆಸರು ಹೇಳಿ, ಹೊಸದಾಗಿ ಸೇರಲು ಬಂದೆ ಎಂದು ಅವಳ ಮುಂದೆಯೇ ಹತ್ತಿ ಬಂದಿದ್ದೆ. ಇಳಿಯುವುದು ಹೇಗೋ ಗೊತ್ತಿರಲಿಲ್ಲ.

ಮೇಷ್ಟ್ರು ನಾಗಭೂಷಣ್ ಯಾವುದೋ ಕೋರ್ಟಿನ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕನ್ನಡ ಮೀಡಿಯಂನವರಿಗೆ ಕೋರ್ಟಿನ ಇಂಗ್ಲಿಷ್ ಕಲಿಸುವುದು ಅವರ ಹುಚ್ಚು. ಕರಿಹಲಗೆಯ ಮೇಲೆ ಆ ದಿನದ ಮಾತುಗಳನ್ನು ದುಂಡಗೆ ಬರೆದಿದ್ದರು. ಅಕ್ಯೂಸ್ಡ್, ವಿಟ್ನೆಸ್, ವೆಪನ್, ಅಲಿಬೈ, ಮೋಟಿವ್, ವರ್ಡಿಕ್ಟ್. ಆ ಮಾತುಗಳನ್ನು ವರ್ಷಗಟ್ಟಲೆ ತಿಂದು ಅರಗಿಸಿಕೊಂಡಿರುವ ನಾನು, ಮೊದಲ ಸಲ ಕೇಳಿದವಳ ಹಾಗೆ ಅವರ ಹಿಂದೆ ಹೇಳಬೇಕಾಯಿತು.

ಆ ತರಗತಿಗೊಂದು ಪದ್ಧತಿ ಇತ್ತು. ಹೊಸದಾಗಿ ಯಾರು ಸೇರಿದರೂ ಮೊದಲ ದಿನ ಅವರೇ ಆರೋಪಿ. ಕೈಯಲ್ಲಿ ರಾಡು ಹಿಡಿದು ಬಾಗಿಲಿನಿಂದ ಹಲಗೆಯವರೆಗೆ ನಡೆದು ಕಟಕಟೆಗೆ ಬರಬೇಕು. ಹಳಬರಲ್ಲೊಬ್ಬರು ಸಾಕ್ಷಿ. ಆರೋಪಿ ಹೇಗಿದ್ದ, ಏನು ತೊಟ್ಟಿದ್ದ, ಹೇಗೆ ನಡೆದ, ಯಾವ ಕೈಯಲ್ಲಿ ಆಯುಧ ಹಿಡಿದಿದ್ದ, ಎಲ್ಲವನ್ನೂ ಇಂಗ್ಲಿಷಿನಲ್ಲಿ ತಡೆಯಿಲ್ಲದೆ ಹೇಳಬೇಕು. ಹೇಳಿ ಹೇಳಿ ಬಾಯಿಪಾಠವಾಗುವ ತನಕ ಬಿಡುವುದಿಲ್ಲ.

ಇನ್ನೊಂದು ಕಟ್ಟಳೆ ಕನ್ನಡದ್ದು. ಹೊಸ್ತಿಲೊಳಗೆ ಕನ್ನಡ ಆಡಿದವರಿಗೆ ಗಡೀಪಾರು. ಮೇಷ್ಟ್ರು ಎಕ್ಸ್‌ಟರ್ನ್‌ಮೆಂಟ್ ಎಂದು ಘೋಷಿಸಿದ ಕೂಡಲೇ ಎದ್ದು ಹೋಗಿ, ಆ ಕೇಸು ಮುಗಿಯುವವರೆಗೆ ಹೊರಗಿನ ಮೆಟ್ಟಿಲ ಮೇಲೆ ಕೂರಬೇಕು.

ನನ್ನ ನಡಿಗೆ ಮುಗಿದಿತ್ತು. ಸಾಕ್ಷಿ ಲಾಸ್ಯಾ ಎಂದು ಮೇಷ್ಟ್ರು ಕರೆದರು.

ಅವಳು ಎದ್ದು ನಿಂತಳು. ಇಪ್ಪತ್ತೆರಡರ ಆಸುಪಾಸಿನ ತೆಳ್ಳನೆಯ ಹುಡುಗಿ. ಶ್ರೀಧರನ ಪ್ರಿಂಟಿಂಗ್ ಪ್ರೆಸ್ಸಿನ ಎದುರಿಗಿರುವ ಟೈಪಿಂಗ್ ಸೆಂಟರಿನಲ್ಲಿ ಕೆಲಸ. ನನ್ನ ಬಗ್ಗೆ ಒಂದು ವಾಕ್ಯವೂ ಹೊರಡಲಿಲ್ಲ. ಕಣ್ಣು ಮಾತ್ರ ನನ್ನ ಕಾಲಿನ ಹತ್ತಿರವೇ ನಿಂತುಬಿಟ್ಟಿತು.

ಮೇಷ್ಟ್ರು ಸಿಟ್ಟಾಗಲಿಲ್ಲ. ನಾಳೆ ದೊಡ್ಡ ದಿನ, ಹೆದರಿದೆ ಮಗು ಎಂದು ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು. ಹೊಸದು ಬೇಡ, ನಿನ್ನ ಹಳೆಯದನ್ನೇ ಹೇಳು, ನಾಳೆಗೂ ಅಭ್ಯಾಸವಾದ ಹಾಗಾಯಿತು ಎಂದರು.

ಲಾಸ್ಯಾ ಮುಖ ಮೇಲೆತ್ತಿ ಸೂರಿನ ಕಡೆ ನೋಡಿದಳು. ಮಗ್ಗಿ ಒಪ್ಪಿಸುವ ಮಕ್ಕಳು ನೋಡುತ್ತಾರಲ್ಲ, ಹಾಗೆ. ಆಮೇಲೆ ಒಂದೇ ಉಸಿರಿಗೆ ಶುರುಮಾಡಿದಳು.

ಬೂದು ಬಣ್ಣದ ಜಾಕೆಟ್ ತೊಟ್ಟ ಎತ್ತರದ ಯುವಕನೊಬ್ಬನನ್ನು ಕಂಡೆ. ಅವನು ಬಲಗಾಲು ಎಳೆದುಕೊಂಡು ನಡೆಯುತ್ತಿದ್ದ. ಅವನ ಎಡಗೈಯಲ್ಲಿ ಕಬ್ಬಿಣದ ರಾಡಿತ್ತು. ಅವನು ಹಿಂದಿರುಗಿ ನೋಡಲಿಲ್ಲ.

ಅವೇ ಮಾತುಗಳು. ಕೊಲೆಯಾದ ದಿನ ಪ್ರೆಸ್ಸಿನ ಮುಂದೆ, ಟಿವಿಯವರ ಮೈಕು ಮೂತಿಗೆ ಹಿಡಿದಾಗ ಅವಳು ಇಂಗ್ಲಿಷಿನಲ್ಲಿ ಹೇಳಿದ್ದ ಮಾತುಗಳು. ಧೈರ್ಯವಂತ ಹುಡುಗಿ ಎಂದು ಊರೆಲ್ಲ ಆ ವಿಡಿಯೋ ಹಂಚಿಕೊಂಡಿತ್ತು. ನಾನು ಅದನ್ನು ಎಷ್ಟು ಸಲ ನೋಡಿದ್ದೆನೋ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎನ್ನುವುದೂ ಗೊತ್ತು. ಇವತ್ತೂ ಅಲ್ಲೇ ತೆಗೆದುಕೊಂಡಳು. ಆ ದಿನವೂ ಹೀಗೆಯೇ ಆಕಾಶ ನೋಡಿದ್ದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಕಟಕಟೆಯ ಪಕ್ಕ ಕೂತಿದ್ದ ಗೋದಾ ಎಂಬ ಹಿರಿಯ ಹೆಂಗಸು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನ್ನ ಕಡೆ ವಾಲಿದರು. ಲಾಯರುಗಳನ್ನು ನಂಬಿ ನಂಬಿ ಸಾಕಾಗಿ, ತಮ್ಮ ಮನೆ ವ್ಯಾಜ್ಯವನ್ನು ತಾವೇ ವಾದಿಸುತ್ತೇನೆಂದು ಹಟ ತೊಟ್ಟು ಇಂಗ್ಲಿಷ್ ಕಲಿಯಲು ಬಂದವರು. ನಾನು ಯಾರೆಂದು ಗೊತ್ತಿದ್ದರೆ ಪಕ್ಕಕ್ಕೂ ಸೇರಿಸುತ್ತಿರಲಿಲ್ಲ.

"ಇದು ಆ ಅಮರ್ ಇದಾನಲ್ಲ, ಅವನು ಸೇರಿದ ದಿನದ ಪಾಠ ಕಣ್ರೀ. ಇಲ್ಲೇ, ನೀವು ನಿಂತಿದೀರಲ್ಲ, ಇಲ್ಲೇ ನಿಂತಿದ್ದ ಆ ಕೊಲೆಗಾರ."

ಅಮರ್ ಈ ಕೋಣೆಗೆ ಬಂದಿದ್ದ. ಈ ಹುಡುಗಿಯ ಎದುರಿಗೆ ರಾಡು ಹಿಡಿದು ನಡೆದಿದ್ದ. ಜೈಲಿನ ಗಾಜಿನ ಆಚೆಯಿಂದ ನನ್ನ ಮುಖ ನೋಡಿಕೊಂಡೇ ಅವಳ್ಯಾರೋ ಗೊತ್ತಿಲ್ಲ ಅಕ್ಕ ಎಂದಿದ್ದನಲ್ಲ, ನನ್ನ ತಮ್ಮ.

ಗೋದಾ ಇನ್ನೂ ಪಿಸುಗುಟ್ಟುತ್ತಲೇ ಇದ್ದರು. ಅವನು ಸೇರಿ ಕೆಲವು ವಾರಗಳಾದ ಮೇಲೆ ಕೊಲೆ ನಡೆಯಿತಂತೆ. ಇಷ್ಟು ಚೆನ್ನಾಗಿ ಪಾಠ ಮಾಡಿಕೊಂಡಿದ್ದಕ್ಕೇ ಲಾಸ್ಯಾಗೆ ಆ ಹೊತ್ತಿನಲ್ಲಿ ಇಂಗ್ಲಿಷ್ ಕೈಹಿಡಿಯಿತಂತೆ. ತರಗತಿಗೇ ಹೆಮ್ಮೆಯಂತೆ. ಪೊಲೀಸರಿಗೆ ಇದನ್ನೆಲ್ಲ ಹೇಳಿದಿರಾ ಎಂದು ಕೇಳಿದೆ. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ, ಕ್ಲಾಸಿನ ಹೆಸರು ಯಾಕೆ ಸುಮ್ಮನೆ ಎಂದರು.

ಕೊಲೆಗೆ ಮೊದಲೇ ಕಲಿತ ಮಾತುಗಳನ್ನು ಕೊಲೆಯ ಸಾಕ್ಷಿ ಎಂದು ಒಪ್ಪಿಸಿದ್ದಾಳೆ, ಇಡೀ ಕೋಣೆ ಅದಕ್ಕೆ ಚಪ್ಪಾಳೆ ತಟ್ಟುತ್ತಿದೆ. ಮಾತು ಬಾಯಲ್ಲಿ ತಯಾರಿದ್ದರೆ ಸಾಕು, ಯಾವ ಘಟನೆಗಾದರೂ ಹೊಂದುತ್ತದೆ ಎಂದು ಇವರೆಲ್ಲ ನಂಬಿದ್ದರು. ಒಬ್ಬ ಹುಡುಗನ ಬದುಕು ಇದರ ಮೇಲೆ ನಿಂತಿದೆ ಎನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ. ನನಗೆ ಕೂಗಬೇಕೆನ್ನಿಸಿತು. ಹಲ್ಲು ಕಚ್ಚಿ ನಿಂತೆ.

ಆರೋಪಿಗೆ ಸಾಕ್ಷಿಯನ್ನು ಪ್ರಶ್ನಿಸುವ ಹಕ್ಕಿದೆ ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು. ಹೊಸಬಳು, ಒಂದೆರಡು ಸುಲಭದ ಪ್ರಶ್ನೆ ಕೇಳಿದರೆ ಸಾಕು ಎಂದರು.

ಇಂಥ ಅವಕಾಶ ನಿಜವಾದ ಕೋರ್ಟಿನಲ್ಲಿ ಸಿಗಲು ವರ್ಷ ಹಿಡಿಯುತ್ತದೆ. ಮುರುಕು ಇಂಗ್ಲಿಷಿನಲ್ಲಿ ಶುರುಮಾಡಿದೆ. ಆ ಯುವಕನ ತಲೆಗೂದಲು ಹೇಗಿತ್ತು ಎಂದು ಕೇಳಿದೆ. ಲಾಸ್ಯಾ ಸೂರು ನೋಡಿದಳು. ಅವನು ಬಂದದ್ದು ಯಾವ ಬಾಗಿಲಿನಿಂದ ಎಂದೆ. ಮತ್ತೆ ಸೂರು ನೋಡಿದಳು. ಪ್ರೆಸ್ಸಿನ ಮೆಟ್ಟಿಲು ಎಡಕ್ಕಿದೆಯೋ ಬಲಕ್ಕಿದೆಯೋ ಎಂದೆ. ಬೂದು ಬಣ್ಣದ ಜಾಕೆಟ್ ಎಂದು ಮೊದಲಿನಿಂದ ಶುರುಮಾಡಿದಳು.

ಜಾಕೆಟ್ ಕೇಳಿಲ್ಲ, ಮೆಟ್ಟಿಲು ಕೇಳಿದ್ದು ಎಂದೆ.

ಅವಳು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪಾಪ ಎನ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಎನ್ನಿಸಿತು. ಆದರೆ ಅಮರ್ ಮಲಗುವ ಸಿಮೆಂಟಿನ ನೆಲವೂ ಕಣ್ಣಿಗೆ ಬಂತು. ಶೇಷಾದ್ರಿಪುರಂನ ಮನೆಯಲ್ಲಿ ಅಪ್ಪ ಕಾಳಪ್ಪ ಪೇಪರು ತರಿಸುವುದನ್ನೇ ನಿಲ್ಲಿಸಿದ್ದರು. ಅಮ್ಮ ಅಂಜಿನಮ್ಮ ಬಾಬಾಸಾಹೇಬರ ಪಟದ ಮುಂದೆ ಕೂತಲ್ಲೇ ಕೂತಿರುತ್ತಿದ್ದಳು, ಕರೆದರೂ ಏಳುತ್ತಿರಲಿಲ್ಲ. ನಾನು ನಿಲ್ಲಿಸಲಿಲ್ಲ.

ಸಿಟ್ಟಿನ ಭರದಲ್ಲಿ ಮುರುಕು ಇಂಗ್ಲಿಷ್ ಮರೆತೇಹೋಯಿತು. "ಐ ಪುಟ್ ಇಟ್ ಟು ಯು" ಎಂದುಬಿಟ್ಟೆ. ನೀನು ಕಂಡದ್ದು ಅವನನ್ನಲ್ಲ, ಆ ದಿನ ನಿನ್ನ ಕಣ್ಣಿಗೆ ಬಿದ್ದದ್ದು ಯಾರು, ಹೇಳು ಎಂದು ಕೋರ್ಟಿನ ಧಾಟಿಯಲ್ಲೇ ಕೇಳಿದೆ.

ಮೇಷ್ಟ್ರ ಹುಬ್ಬು ಮೇಲೇರಿತು. ಹೊಸಬಳ ಬಾಯಲ್ಲಿ ಪಳಗಿದ ವಕೀಲರ ಮಾತು ಹೇಗೆ ಬಂತು ಎಂದು ಅವರು ಯೋಚಿಸುತ್ತಿರುವುದು ಮುಖದ ಮೇಲೇ ಕಾಣುತ್ತಿತ್ತು. ಕೆಟ್ಟೆ ಎಂದುಕೊಂಡೆ. ಕಿಟಕಿಯಿಂದ ಒಂದು ಕೂಗು ಹಾಕಿದರೆ ಕಾನ್‌ಸ್ಟೇಬಲ್ ಮೇಲೆ ಬರುತ್ತಾಳೆ.

ನನ್ನನ್ನು ಉಳಿಸಿದವಳು ಲಾಸ್ಯಾ.

"ನನ್ನ ಏನೂ ಕೇಳ್ಬೇಡಿ. ನಂಗಾಗಲ್ಲ. ನಂಗಾಗಲ್ಲ ಅಂದ್ನಲ್ಲ," ಎಂದು ಕನ್ನಡದಲ್ಲಿ ಅತ್ತುಬಿಟ್ಟಳು.

ಮೇಷ್ಟ್ರಿಗೆ ಅಳು ಕೇಳಿಸುವ ಮೊದಲು ಕನ್ನಡ ಕೇಳಿಸಿತು. ಅಭ್ಯಾಸಬಲ ನೋಡಿ, ಬೆರಳು ತನ್ನಷ್ಟಕ್ಕೆ ಬಾಗಿಲಿನ ಕಡೆ ಹೋಯಿತು. ಎಕ್ಸ್‌ಟರ್ನ್‌ಮೆಂಟ್ ಎಂದರು. ಲಾಸ್ಯಾ ಮುಖ ಮುಚ್ಚಿಕೊಂಡು ಹೊರಗೆ ಹೋದಳು.

ನಾನು ರಾಡನ್ನು ಬೆಂಚಿನ ಮೇಲಿಟ್ಟು, ಸಾರ್, ನಂಗೂ ಇಂಗ್ಲಿಷ್ ಸಾಕಾಯ್ತು, ತಲೆ ಸಿಡೀತಿದೆ ಎಂದು ಅಚ್ಚಕನ್ನಡದಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಗೋದಾ ಬೇಡ ಬೇಡ ಎಂದು ಕಣ್ಸನ್ನೆ ಮಾಡಿದರು. ಮೇಷ್ಟ್ರು ನಗಲಿಲ್ಲ. ನನ್ನನ್ನೇ ದಿಟ್ಟಿಸುತ್ತ ಮತ್ತೊಮ್ಮೆ ಬಾಗಿಲು ತೋರಿಸಿದರು.

ಮೆಟ್ಟಿಲು ಇಕ್ಕಟ್ಟಾಗಿತ್ತು. ಸಂಜೆಯ ಬಿಸಿಲು ಗೋಡೆಯ ಅರ್ಧಕ್ಕೆ ಬಂದು ನಿಂತಿತ್ತು. ಕೆಳಗಿನಿಂದ ಹೂವಿನವರ ಕೂಗು, ಆಟೋಗಳ ಹಾರನ್ನು, ಕಾನ್‌ಸ್ಟೇಬಲ್‌ಳ ಮೊಬೈಲಿನಲ್ಲಿ ಓಡುತ್ತಿದ್ದ ಯಾವುದೋ ಅಡುಗೆ ವಿಡಿಯೋ. ಬಗ್ಗಿ ನೋಡಿದರೆ ಅವಳ ಟೋಪಿ ಕಾಣುತ್ತಿತ್ತು. ಅವಳು ಕತ್ತೆತ್ತಿದರೆ ನಾವಿಬ್ಬರೂ ಕಾಣುತ್ತಿದ್ದೆವು.

ಲಾಸ್ಯಾ ತಿರುವಿನ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ನಾನು ಒಂದು ಮೆಟ್ಟಿಲು ಮೇಲೆ ಕೂತೆ. ಏನೆಂದು ಶುರುಮಾಡಲಿ ಎಂದು ಹುಡುಕುತ್ತಿರುವಾಗಲೇ ಅವಳು ತಲೆಯೆತ್ತದೆ ಮಾತಾಡಿದಳು.

"ನೀವು ಬಿಂದುಶ್ರೀ ಅಕ್ಕ ತಾನೆ? ಅಮರ್ ಫೋನಲ್ಲಿ ನಿಮ್ ಫೋಟೋ ನೋಡಿದೀನಿ. ಮಾಸ್ಕ್ ಹಾಕಿದ್ರೂ ಗೊತ್ತಾಗತ್ತೆ."

ಅವಳು ಈಗ ಒಂದೇ ಒಂದು ಸಲ ಕೂಗಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಕೂಗಲಿಲ್ಲ. ಅದು ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸಿತು.

ನಿನ್ನನ್ನು ಯಾರು ಹೆದರಿಸಿದರು ಎಂದು ಕೇಳಿದೆ. ನಮ್ಮ ಅಮರ್ ಮೇಲೆ ಯಾರಿಗೆ ಇಷ್ಟು ದ್ವೇಷ, ಈ ಪಾಠ ನಿನಗೆ ಬರುತ್ತದೆ ಎಂದು ಗೊತ್ತಿದ್ದವರು ಈ ಕೋಣೆಯವರೇ ಇರಬೇಕು, ಅದರಲ್ಲಿ ಯಾರು ಎಂದು ಕೇಳಿದೆ. ಹೆಸರು ಹೇಳು ಸಾಕು, ನಾಳೆ ನಿನಗೆ ರಕ್ಷಣೆ ಕೊಡಿಸುವ ಹೊಣೆ ನನ್ನದು ಎಂದೆ. ಮಾತು ಎಷ್ಟು ಬೇಗ ಬೇಗ ಆಡುತ್ತಿದ್ದೆನೆಂದರೆ ನನಗೇ ಏದುಸಿರು ಬಂತು.

ಅವಳು ತಲೆಯಾಡಿಸಿದಳು.

"ಯಾರೂ ಹೆದರಿಸ್ಲಿಲ್ಲ ಅಕ್ಕ. ಹೀಗೇ ಹೇಳು ಅಂತ ಹೇಳ್ಕೊಟ್ಟಿದ್ದು ಅಮರೇ."

ಕೇಳಿಸಿತು. ಅರ್ಥವಾಗಲಿಲ್ಲ. ಮತ್ತೆ ಕೇಳಿದೆ. ಅವಳು ಮತ್ತೆ ಅದನ್ನೇ ಹೇಳಿದಳು.

ಆಮೇಲೆ ಬಿಟ್ಟು ಬಿಟ್ಟು, ನಡುನಡುವೆ ಕೆಳಗೆ ಬಗ್ಗಿ ನೋಡುತ್ತ ಎಲ್ಲ ಹೇಳಿದಳು. ಆ ಮಧ್ಯಾಹ್ನ ಟೈಪಿಂಗ್ ಸೆಂಟರಿನಲ್ಲಿ ಅವಳೊಬ್ಬಳೇ ಇದ್ದಳಂತೆ. ಅಮರ್ ಕುಂಟುತ್ತ ಓಡಿಬಂದನಂತೆ. ಅದೇ ಪ್ರೆಸ್ಸಿನ ಮಷೀನಿಗೆ ಸಿಕ್ಕಿ ನಜ್ಜಾದ ಕಾಲು ಅವನದು, ಓಡುವುದೆಂದರೆ ಪ್ರಾಣ ಹೋದ ಹಾಗಾಗುತ್ತದೆ. ಶ್ರೀಧರ್ ಸತ್ತುಹೋಗಿದ್ದಾನೆ, ಈಗ ಪೊಲೀಸರು ಬರುತ್ತಾರೆ, ನೀನು ಕಿಟಕಿಯಲ್ಲಿ ಇದ್ದದ್ದು ಎಲ್ಲರಿಗೂ ಗೊತ್ತು, ನಿನ್ನನ್ನೇ ಕೇಳುತ್ತಾರೆ ಎಂದನಂತೆ. ನಿನಗೆ ಹೊಸದಾಗಿ ಸುಳ್ಳು ಕಟ್ಟೋಕೆ ಬರಲ್ಲ, ನನ್ನ ಪಾಠ ಬಾಯಿಗೆ ಬರುತ್ತಲ್ಲ, ಕೇಳಿದವರಿಗೆಲ್ಲ ಅದನ್ನೇ ಒಪ್ಪಿಸು ಎಂದನಂತೆ. ಹಾಗೆಂದವನೇ ವಾಪಸ್ ಪ್ರೆಸ್ಸಿಗೆ ಹೋಗಿ ರಾಡನ್ನು ಎಡಗೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಎಸೆದನಂತೆ. ಪಾಠದಲ್ಲಿದ್ದದ್ದರಲ್ಲಿ ಅದೊಂದನ್ನು ಮಾತ್ರ ಲಾಸ್ಯಾ ಕಣ್ಣಾರೆ ಕಂಡಿದ್ದಳು.

ಆ ರಾಡಿನ ಮೇಲಿನ ಬೆರಳಚ್ಚಿನಿಂದಲೇ ದೊಡ್ಡಬೈರಪ್ಪ ಅವನನ್ನು ಹಿಡಿದದ್ದು.

ಕೊಂದವನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿಕೊಡುತ್ತಾನೆಯೇ, ಹಾಗಾದರೆ ಅಮರ್ ಕೊಂದಿಲ್ಲ. ಒಂದು ಗಳಿಗೆ ಕಣ್ಣು ತುಂಬಿ ಬಂತು. ಅವನು ಕೊಂದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರೂ, ಒಳಗೊಳಗೆ ನನಗೇ ಅನುಮಾನವಿತ್ತು ಎನ್ನುವುದು ಆಗಲೇ ತಿಳಿದದ್ದು. ಲಾಸ್ಯಾಳ ಕೈ ಹಿಡಿದುಕೊಂಡೆ.

ಯಾಕೆ ಹಾಗೆ ಮಾಡಿದ ಎಂದು ಕೇಳಿದೆ. ಕೈಯಾರೆ ತನ್ನ ಕುತ್ತಿಗೆಗೆ ಹಗ್ಗ ಹಾಕಿಕೊಳ್ಳುವಂಥದ್ದು ಏನಾಗಿತ್ತು ಅವನಿಗೆ, ಹೇಳು ಎಂದೆ.

ಲಾಸ್ಯಾ ಕೈ ಬಿಡಿಸಿಕೊಂಡಳು. ಅವನು ತನ್ನ ಹತ್ತಿರ ಬರುವುದಕ್ಕೆ ಸ್ವಲ್ಪ ಮೊದಲು ಪ್ರೆಸ್ಸಿನ ಮೆಟ್ಟಿಲಿಳಿದು ಒಬ್ಬರು ಹೋದರು ಎಂದಳು. ನಿಜವಾಗಿ ಕಂಡದ್ದು ಅವರನ್ನಂತೆ. ವಯಸ್ಸಾದ ಹೆಂಗಸು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಇಳಿದರಂತೆ. ಒರೆಸಿದರೂ ಒರೆಸಿದರೂ ಮುಗಿಯುತ್ತಿರಲಿಲ್ಲವಂತೆ. ಹಿಂದೆಯೇ ಅಮರ್ ಬಂದು, ಅವರನ್ನು ತಬ್ಬಿ ಹಿಡಿದು ಆಟೋ ಹತ್ತಿಸಿದನಂತೆ.

"ಅಮ್ಮಾ, ನೀನು ಮನೆಗೆ ಹೋಗು, ನಾನು ನೋಡ್ಕೋತೀನಿ ಅಂದ. ಅಷ್ಟೇ ಕೇಳಿಸಿದ್ದು ನಂಗೆ."

ವಕೀಲಿಕೆಯ ಬುದ್ಧಿ ಎಲ್ಲಿ ಹೋಗುತ್ತದೆ. ವಯಸ್ಸಾದ ಯಾವ ಹೆಂಗಸನ್ನಾದರೂ ಅಮ್ಮ ಎಂದೇ ಕರೆಯುತ್ತೇವೆ, ಬೀದಿಯಲ್ಲಿ ಸೊಪ್ಪು ಮಾರುವವಳನ್ನೂ ಕರೆಯುತ್ತೇವೆ, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದೆ.

"ನಾನೂ ಹಾಗೇ ಅಂದ್ಕೊಂಡಿದ್ದೆ ಅಕ್ಕ, ಇವತ್ತಿನ ತನಕ. ಈಗ ಬಾಗಿಲಿಂದ ಬೋರ್ಡ್ ತನಕ ನೀವು ನಡ್ಕೊಂಡ್ ಬಂದ್ರಲ್ಲ. ಥೇಟ್ ಅದೇ ನಡಿಗೆ. ನಂಗೆ ಮಾತೇ ನಿಂತೋಯ್ತು."

ಅಮ್ಮನ ನಡಿಗೆ ನಿನಗೆ ಬಂದಿದೆ ಎಂದು ನೆಂಟರೆಲ್ಲ ಹೇಳುತ್ತಾರೆ. ಗೋಡೆಗೆ ಕೈ ಊರಿಕೊಂಡೆ. ಶ್ರೀಧರನಿಗೂ ನಮ್ಮಮ್ಮನಿಗೂ ಏನು ಸಂಬಂಧ ಎಂದು ಯೋಚಿಸಲು ನೋಡಿದೆ. ಒಂದು ಯೋಚನೆಯೂ ಮುಂದೆ ಹೋಗಲಿಲ್ಲ.

ಕೆಳಗೆ ಅಡುಗೆ ವಿಡಿಯೋದ ಸದ್ದು ನಿಂತಿತು. ಕುರ್ಚಿ ಸರಿದ ಶಬ್ದವಾಯಿತು. ಮೇಲೆ ಬಾಗಿಲು ಕಿರುಗುಟ್ಟಿ ಮೇಷ್ಟ್ರು ನಾಗಭೂಷಣ್ ಹೊಸ್ತಿಲಿಗೆ ಬಂದು, ಕಂಬಿ ಹಿಡಿದು, ಮೇಲೆ ಬನ್ನಿ ಎಂದು ಕಾನ್‌ಸ್ಟೇಬಲ್‌ಳನ್ನು ಕರೆದರು. ಆ ಮನುಷ್ಯ ಕನ್ನಡದಲ್ಲೇ ಕರೆದರು. ಬೂಟುಗಳು ಮೆಟ್ಟಿಲು ಹತ್ತತೊಡಗಿದವು.

ಓಡಬೇಕಿತ್ತು. ಓಡಲು ಜಾಗವಿರಲಿಲ್ಲ. ಲಾಸ್ಯಾ ನನ್ನ ದುಪಟ್ಟಾದ ಅಂಚು ಹಿಡಿದು ಎಳೆದಳು. ಬೂಟಿನ ಸದ್ದು ತಿರುವಿಗೆ ಬರುವ ಮೊದಲು ಉತ್ತರ ಬೇಕು ಎನ್ನುವ ಹಾಗೆ ಕಿವಿಯ ಹತ್ತಿರ ಬಾಯಿ ತಂದಳು.

"ನಾಳೆ ಜಡ್ಜ್ ಮುಂದೆ ಯಾವ್ದನ್ನ ಹೇಳ್ಲಿ ಅಕ್ಕ? ನಿಮ್ ತಮ್ಮನ್ನ ಕಂಡೆ ಅನ್ಲಾ, ನಿಮ್ಮಮ್ಮನ್ನ ಕಂಡೆ ಅನ್ಲಾ?"